ಶೋಧಕದ ಜೀವಿಗಳಿಗೂ ಒಂದು ಕಿರ್ದಿ ಬೇಡವೇ?

ಕಳೆದ ಚಾತುರ್ಮಾಸ ಮುಗಿದ ತರುವಾಯ, ನಾನು ಖಜಾಂಚಿಯಾಗಿ ಸೇವೆ ಸಲ್ಲಿಸುತ್ತಿರುವ ಟ್ರಸ್ಟಿನ ಕಾರ್ಯಕಾರಿ ಮಂಡಳಿಯ ಸಭೆ ಸೇರಿತ್ತು. ವಿಷಯಸೂಚಿಯಲ್ಲಿ 11 ಬಾಬುಗಳಿದ್ದವು. ಬಸದಿಯ ಶಿಖರದ ಬಣ್ಣ, ಪೂಜಾ ಸಾಮಗ್ರಿಯ ದರಪಟ್ಟಿ, ಮಂಟಪದ ಹಾಸುಗಲ್ಲು ಮುಂತಾದ ಮೊದಲ 10 ಬಾಬುಗಳಿಗೆ ಎರಡೂವರೆ ಗಂಟೆ ಹಿಡಿಯಿತು. ಕೊನೆಯದಕ್ಕೆ ಹತ್ತು ನಿಮಿಷ ಉಳಿಯಿತು. ಅದು ಯಾತ್ರಿನಿವಾಸದ ಹಿಂಭಾಗದಲ್ಲಿರುವ ಮಲಿನಜಲ ಶುದ್ಧೀಕರಣ ಘಟಕದಿಂದ ಬರುತ್ತಿದ್ದ ದುರ್ವಾಸನೆಯ ವಿಷಯ.

ವ್ರತನಿಷ್ಠರೂ ವಯೋವೃದ್ಧರೂ ಆದ ಧರ್ಮದರ್ಶಿಯೊಬ್ಬರು ಎದ್ದು ನಿಂತು, "ಆ ಯಂತ್ರವು ಕೋಟ್ಯನುಕೋಟಿ ಜೀವಿಗಳನ್ನು ಹುಟ್ಟಿಸಿ ಕೊಲ್ಲುವ ಯಂತ್ರ. ಧರ್ಮಕ್ಷೇತ್ರದಲ್ಲಿ ಅದಕ್ಕೆ ಸ್ಥಾನವಿಲ್ಲ. ಅದನ್ನು ಮುಚ್ಚಿ ಮೊದಲಿನಂತೆ ಗುಂಡಿ ತೋಡಿಸಿರಿ" ಎಂದರು. ಕಿರಿಯ ಸದಸ್ಯರೊಬ್ಬರು, "ಅದು ಗುತ್ತಿಗೆದಾರನ ಕೆಲಸ, ವರ್ಷಕ್ಕೆ ಇಷ್ಟೆಂದು ಹಣ ಕೊಡುತ್ತಿದ್ದೇವೆ, ಅದರೊಳಗೆ ಏನಿದೆ ಎಂಬ ಉಸಾಬರಿ ನಮಗೇಕೆ ಯಜಮಾನರೇ?" ಎಂದರು. ಇಬ್ಬರ ಮಾತೂ ಪರಸ್ಪರ ವಿರುದ್ಧವೆಂದು ಸಭೆಗೆ ತೋರಿತು. ನನಗೆ ಹಾಗೆ ತೋರಲಿಲ್ಲ. ಒಬ್ಬರು ಆ ಜೀವಿಗಳನ್ನು ನೋಡದೆ ಭಯಪಟ್ಟರು, ಇನ್ನೊಬ್ಬರು ನೋಡದೆ ನಿಶ್ಚಿಂತರಾದರು. ನೋಡುವ ಹೊಣೆ ತಮ್ಮದಲ್ಲ ಎಂಬಲ್ಲಿ ಇಬ್ಬರೂ ಒಂದಾಗಿದ್ದರು. ನಾನು ಅಂದು ಬಾಯಿ ತೆರೆಯಲಿಲ್ಲ. ಏಕೆ ತೆರೆಯಲಿಲ್ಲವೆಂಬುದನ್ನೂ ಈ ಲೇಖನದಲ್ಲಿ ಮರೆಮಾಚದೆ ಹೇಳುವೆನು.

ಮೊದಲು ಆ ಘಟಕದೊಳಗೆ ನಡೆಯುವುದೇನು ಎಂಬುದನ್ನು ಅರಿಯೋಣ. ಅದರ ಹೃದಯಭಾಗವನ್ನು ಜೈವಿಕ ಶೋಧಕ ಎನ್ನುತ್ತಾರೆ. ಶೋಧಕವೆಂದೊಡನೆ ನಾವು ನೀರು ಸೋಸುವ ಅರಿವೆಯನ್ನು ನೆನೆಯುತ್ತೇವೆ. ಆದರೆ ಇದು ಸೋಸುವುದಿಲ್ಲ. ತೊಟ್ಟಿಯೊಂದರಲ್ಲಿ ಕಲ್ಲುಗಳನ್ನಾಗಲಿ, ಜಾಲರಿಯಂಥ ಪ್ಲಾಸ್ಟಿಕ್ ತುಂಡುಗಳನ್ನಾಗಲಿ ತುಂಬಿರುತ್ತಾರೆ. ಅವುಗಳ ಮೈಮೇಲೆ ಕೆಲವು ವಾರಗಳಲ್ಲಿ ತೆಳ್ಳನೆಯ ಲೋಳೆಯ ಪದರವೊಂದು ತಾನಾಗಿ ಬೆಳೆಯುತ್ತದೆ. ಅದು ಬ್ಯಾಕ್ಟೀರಿಯಾಗಳ ವಸತಿ. ನೀರು ಅದರ ಮೇಲೆ ಹರಿಯುವಾಗ ನಮ್ಮ ಬಚ್ಚಲಿನ, ಪಾಯಿಖಾನೆಯ, ಭೋಜನಶಾಲೆಯ ಕಲ್ಮಷವನ್ನು ಈ ಜೀವಿಗಳು ಆಹಾರವಾಗಿ ಸೇವಿಸುತ್ತವೆ. ಅದಕ್ಕೆ ಅವುಗಳಿಗೆ ಆಮ್ಲಜನಕ ಬೇಕು. ಆದುದರಿಂದ ಕೆಲವು ಶೋಧಕಗಳಲ್ಲಿ ನೀರನ್ನು ಮೇಲಿನಿಂದ ಹನಿಹನಿಯಾಗಿ ಸುರಿದು ಕಲ್ಲುಗಳ ನಡುವೆ ಗಾಳಿಯಾಡಲು ಬಿಡುತ್ತಾರೆ. ನಮ್ಮಲ್ಲಿರುವಂಥ ಮುಳುಗಿದ ಶೋಧಕದಲ್ಲಿ ತಳದಿಂದ ಬ್ಲೋಯರ್ ಯಂತ್ರದ ಮೂಲಕ ಗಾಳಿ ಊದುತ್ತಾರೆ.

ಅಲ್ಲಿ ಒಂದೇ ಜಾತಿಯ ಜೀವಿಗಳಿರುವುದಿಲ್ಲ. ಕಲ್ಮಷವನ್ನು ತಿನ್ನುವ ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ. ಮೂತ್ರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬೇರೆ ಎರಡು ಗುಂಪುಗಳಿವೆ. ಅವು ಬಹಳ ನಿಧಾನವಾಗಿ ಬೆಳೆಯುವಂಥವು. ಒಮ್ಮೆ ನಾಶವಾದರೆ ಮತ್ತೆ ನೆಲೆಗೊಳ್ಳಲು ವಾರಗಳೇ ಬೇಕು. ಇವುಗಳ ಮೇಲೆ ಏಕಕೋಶದ ಪ್ರೋಟೋಜೋವಾಗಳು, ಚಕ್ರಾಕಾರದ ರೋಮಗಳನ್ನಾಡಿಸಿ ಉಣ್ಣುವ ರೋಟಿಫರ್‌ಗಳು, ಸಣ್ಣ ಹುಳುಗಳು. ಕಲ್ಲುಹಾಸಿನ ಶೋಧಕಗಳಲ್ಲಿ ಸೈಕೋಡಾ ಎಂಬ ನೊಣದ ಮರಿಗಳೂ ಉಂಟು. ಬಚ್ಚಲುಮನೆಯ ಗೋಡೆಯ ಮೇಲೆ ಕೂರುವ, ರೆಕ್ಕೆಗೆ ರೋಮವಿರುವ ಆ ಪುಟ್ಟ ನೊಣವನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು.

ಈ ವಿದ್ಯೆ ಹೊಸದೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್‌ನಲ್ಲಿ 1887ರಲ್ಲಿ ಸ್ಥಾಪನೆಯಾದ ಪ್ರಯೋಗ ಕೇಂದ್ರದಲ್ಲಿ ಮರಳು ಜಲ್ಲಿಗಳ ಮೂಲಕ ಚರಂಡಿ ನೀರನ್ನು ಹಾಯಿಸಿ ಪರೀಕ್ಷಿಸಿದರು. 1893ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್ ನಗರದಲ್ಲಿ ಹನಿಸುರಿಯುವ ಶೋಧಕದ ಪ್ರಯೋಗ ನಡೆಯಿತು. 1914ರಲ್ಲಿ ಮ್ಯಾಂಚೆಸ್ಟರ್‌ನ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ಕೆಸರಿಗೆ ಗಾಳಿಯೂಡುವ ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಎಂಬ ವಿಜ್ಞಾನಿಯು 1916ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಎಂಬ ವಿದ್ವಾಂಸರು 1942ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ನೀರು ತಿಳಿಯಾಗುವುದರಲ್ಲಿ ಪ್ರೋಟೋಜೋವಾಗಳ ಪಾತ್ರ ಬಹು ದೊಡ್ಡದೆಂದು ವಾದಿಸಿದರು. ಬ್ಯಾಕ್ಟೀರಿಯಾಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಕೆಸರಿನ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸಾವಧಾನದಿಂದ ನೋಡಿದವರು ಅವರು. ನಾವು ಅಹಿಂಸಾಧರ್ಮಿಗಳೆನಿಸಿಕೊಂಡವರು ಇಂದಿಗೂ ನೋಡಿಲ್ಲ.

ಈಗ ನಮ್ಮ ಘಟಕದ ಕಥೆ. ಅದನ್ನು ದಿನಕ್ಕೆ 20,000 ಲೀಟರ್ ನೀರಿಗೆಂದು ಕಟ್ಟಿಸಿದ್ದು. ತಲೆಗೆ 135 ಲೀಟರ್ ಎಂಬ ರೂಢಿಯ ಮಾನದಂಡವನ್ನು ಹಿಡಿದರೆ ಸುಮಾರು 150 ಜನರಿಗೆ ಸಾಕು. ನಾನು ಬಿ.ಕಾಂ. ಓದಿದವನು, ದವಸದ ಸಗಟು ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವನು. ಈ ಗುಣಾಕಾರ ನನಗೆ ಕಠಿಣವಲ್ಲ. ಆದರೂ ಪಂಚಕಲ್ಯಾಣ ಮಹೋತ್ಸವದ 5 ದಿನ ಯಾತ್ರಿನಿವಾಸದಲ್ಲಿಯೂ ಪಕ್ಕದ ಚಪ್ಪರದಲ್ಲಿಯೂ 700 ಮಂದಿಯನ್ನು ಇಳಿಸಿದಾಗ ಆ ಗುಣಾಕಾರವನ್ನು ನಾನಾಗಲಿ, ಬೇರೆ ಯಾರಾಗಲಿ ಮಾಡಲಿಲ್ಲ. ದಿನಕ್ಕೆ 94,500 ಲೀಟರ್! ಅಷ್ಟು ನೀರು ಬಳಕೆಯಾಗಲಿಲ್ಲವೆಂದೇ ಇಟ್ಟುಕೊಂಡರೂ ಅರ್ಧವೇ ಎರಡು ಪಟ್ಟಿಗೆ ಮೀರಿತು. ಭೋಜನಶಾಲೆಯ ತುಪ್ಪ ಎಣ್ಣೆಗಳ ಜಿಡ್ಡು ತಡೆಯುವ ತೊಟ್ಟಿಯನ್ನು ತೆಗೆದು ಶುಚಿ ಮಾಡಿದವರಿಲ್ಲ. ಶೌಚಾಲಯಗಳು ಹೊಳೆಯಲೆಂದು ಉತ್ಸವದ ಹಿಂದಿನ ದಿನ ಚೀಲಗಟ್ಟಲೆ ಬ್ಲೀಚಿಂಗ್ ಪೌಡರ್, ಡಬ್ಬಗಟ್ಟಲೆ ಆ್ಯಸಿಡ್ ಸುರಿದರು. ಅದೆಲ್ಲವೂ ಹರಿದುಹೋಗಿ ಸೇರಿದ್ದು ಆ ಲೋಳೆಪದರದ ಮೇಲೆ. ರೋಗಾಣುಗಳನ್ನು ಕೊಲ್ಲಲೆಂದೇ ತಂದ ಪುಡಿಗೆ, ಇದು ನಮಗೆ ಬೇಕಾದ ಜೀವಿ ಎಂಬ ವಿವೇಕ ಎಲ್ಲಿಂದ ಬರಬೇಕು?

ಉತ್ಸವ ಮುಗಿಯಿತು. ಯಾತ್ರಿಕರು ಹೊರಟರು. ಮುಂದಿನ ಮೂರು ವಾರ ನಿವಾಸದಲ್ಲಿ ಹತ್ತು ಹನ್ನೆರಡು ಜನರೂ ಇರಲಿಲ್ಲ. ನೀರು ಬಾರದೆ, ಆಹಾರ ಬಾರದೆ, ಉಳಿದಿದ್ದ ಜೀವಿಗಳೂ ಸೊರಗಿದವು.

ಇದಕ್ಕೂ ಮೊದಲಿನ ಒಂದು ಸಂಗತಿಯಿದೆ, ಅದು ನನ್ನದೇ. ವಿದ್ಯುತ್ ಬಿಲ್ಲು ಹೆಚ್ಚಾಯಿತೆಂದು ರಾತ್ರಿ 11ರಿಂದ ಬೆಳಗಿನ 5ರವರೆಗೆ ಬ್ಲೋಯರ್ ನಿಲ್ಲಿಸಬೇಕೆಂಬ ಟಿಪ್ಪಣಿಗೆ ಸಹಿ ಹಾಕಿದವನು ನಾನು. ತಿಂಗಳಿಗೆ ಮೂರೂವರೆ ಸಾವಿರ ರೂಪಾಯಿ ಉಳಿಯಿತೆಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಬರೆದೆ. ರಾತ್ರಿ ಯಾರೂ ಸ್ನಾನ ಮಾಡುವುದಿಲ್ಲ, ಗಾಳಿ ಏಕೆ ಎಂಬುದು ನನ್ನ ವಾದವಾಗಿತ್ತು. ಆ ಪದರದ ಜೀವಿಗಳು ಹಗಲೂ ರಾತ್ರಿಯೂ ಉಸಿರಾಡುತ್ತವೆ ಎಂಬುದನ್ನು ನನಗೆ ಯಾರೂ ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಘಟಕ ನೋಡಿಕೊಳ್ಳುವ ಹುಡುಗ ಹೇಳಿದ್ದ. ನಾನು ಕೇಳಿಸಿಕೊಳ್ಳಲಿಲ್ಲ. ಸಭೆಯಲ್ಲಿ ನನ್ನ ಬಾಯಿ ಕಟ್ಟಿದ್ದು ಇದೇ.

ಗಾಳಿಯಿಲ್ಲದ ಪದರ ಕಪ್ಪಾಯಿತು, ಕೊಳೆಯಿತು, ಹೊಪ್ಪಳೆ ಹೊಪ್ಪಳೆಯಾಗಿ ಕಳಚಿಬಿತ್ತು. ಕಳಚಿದ್ದು ಮುಂದಿನ ತಿಳಿತೊಟ್ಟಿಯ ತಳದಲ್ಲಿ ಶೇಖರವಾಗಿ ಕೆಸರಿನ ಕೊಳವೆಯನ್ನು ಮುಚ್ಚಿತು. ಕೊಳವೆ ಬಿಡಿಸಲೆಂದು ಗುತ್ತಿಗೆದಾರನು ಒಬ್ಬ ಕೂಲಿಯಾಳನ್ನು ತೊಟ್ಟಿಗೆ ಇಳಿಸಿದ. ಕೊಳೆತ ಕೆಸರಿನಿಂದೇಳುವ ಜಲಜನಕದ ಸಲ್ಫೈಡ್ ಅನಿಲವು ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಟ್ಟು, ಪ್ರಮಾಣ ಹೆಚ್ಚಾದಾಗ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕೊಲ್ಲುವಂಥದು. ಆ ಮನುಷ್ಯ ಮೂರನೆಯ ಮೆಟ್ಟಿಲಿನಲ್ಲಿಯೇ ಮೂರ್ಛೆ ಹೋದ. ಮೇಲಿದ್ದವರು ಹಗ್ಗ ಹಿಡಿದಿದ್ದರಾಗಿ ಎಳೆದುಕೊಂಡರು, ಬದುಕಿದ. ಎರಡು ದಿನ ಆಸ್ಪತ್ರೆಯಲ್ಲಿದ್ದ. ಸಭೆಯ ವಿಷಯಸೂಚಿಯಲ್ಲಿ ಮಾತ್ರ ಅದು 'ದುರ್ವಾಸನೆ' ಎಂದೇ ದಾಖಲಾಯಿತು.

ಧರ್ಮಬಂಧುಗಳೇ, ಇದರಲ್ಲಿ ಹಿಂಸೆ ಎಲ್ಲಿದೆ? ಶೋಧಕವನ್ನು ಇಟ್ಟುಕೊಂಡಿದ್ದರಲ್ಲಿಯೇ, ಅಥವಾ ಅದನ್ನು ನೋಡದೆ ಬಿಟ್ಟಿದ್ದರಲ್ಲಿಯೇ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ನಿಲ್ಲುವುದಿಲ್ಲ, ಪ್ರಮಾದವನ್ನು ಅದಕ್ಕೆ ಕಾರಣವಾಗಿ ಮುಂದಿಡುತ್ತಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಬಿಡಿಸಿ, ಎಚ್ಚರಿಕೆಯಿಂದ ನಡೆಯುವವನಿಂದ ಜೀವಿಯೊಂದು ಸತ್ತರೂ ಅವನು ಹಿಂಸಕನಲ್ಲವೆಂದೂ, ಎಚ್ಚರಗೇಡಿಯಿಂದ ಯಾವ ಜೀವಿ ಸಾಯದಿದ್ದರೂ ಹಿಂಸೆ ಅವನ ಮುಂದೆ ಮುಂದೆ ಓಡುತ್ತದೆಂದೂ ಪ್ರತಿಪಾದಿಸಿದ್ದಾರೆ. ಶೋಧಕದಲ್ಲಿ ಜೀವಿಗಳು ಹುಟ್ಟಿ ಸಾಯುತ್ತವೆ ಎಂಬುದು ನಿಜ. ಅವು ನಮ್ಮ ಹೊಟ್ಟೆಯಲ್ಲಿಯೂ ಹುಟ್ಟಿ ಸಾಯುತ್ತವೆ. ಪ್ರಶ್ನೆ ಇರುವುದು ನಮ್ಮ ಎಚ್ಚರದಲ್ಲಿ.

ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ನಮ್ಮ ಅಧೀನದಲ್ಲಿರುವ ಜೀವಿಗಳ ವಿಷಯವಾಗಿ ನಾವು ಮಾಡಬಹುದಾದ ತಪ್ಪುಗಳು. ಎತ್ತಿನ ಮೇಲೆ ಹೊರಲಾರದಷ್ಟು ಹೊರೆ ಹೇರುವುದು ನಾಲ್ಕನೆಯದು, ಕಟ್ಟಿಹಾಕಿದ ದನಕ್ಕೆ ಹೊತ್ತಿಗೆ ಮೇವು ನೀರು ಕೊಡದಿರುವುದು ಐದನೆಯದು. ನಮ್ಮ ಹಿರಿಯರು ಮಾರಾಟದ ಗಾಡಿಗೆ ಎಷ್ಟು ಚೀಲ ಹೇರಬೇಕೆಂಬುದನ್ನು ಈ ಅತಿಚಾರದ ಭಯದಿಂದಲೇ ನಿರ್ಧರಿಸುತ್ತಿದ್ದರು. ನನ್ನ ತಂದೆಯವರು ಒಂದು ಚೀಲ ಹೆಚ್ಚಾದರೆ ಇಳಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. 20,000 ಲೀಟರಿನ ಶೋಧಕಕ್ಕೆ ಅದರ ಮೂರು ನಾಲ್ಕು ಪಟ್ಟು ಹೊರಿಸಿದ್ದು ಅತಿಭಾರಾರೋಪಣವಲ್ಲದೆ ಮತ್ತೇನು? ರಾತ್ರಿ ಗಾಳಿ ನಿಲ್ಲಿಸಿದ್ದು, ಉತ್ಸವದ ನಂತರ ಮೂರು ವಾರ ಒಣಗಲು ಬಿಟ್ಟಿದ್ದು ಅನ್ನಪಾನನಿರೋಧವಲ್ಲವೇ?

ಇಲ್ಲಿ ಪಂಡಿತರೊಬ್ಬರು ಆಕ್ಷೇಪಿಸಬಹುದು. ಅಣುವ್ರತವು ತ್ರಸಜೀವಿಗಳಿಗೆ ಸಂಬಂಧಿಸಿದ್ದು, ಏಕೇಂದ್ರಿಯಗಳಿಗೆ ಈ ಅತಿಚಾರಗಳನ್ನು ಹಚ್ಚುವುದು ಅತಿವ್ಯಾಪ್ತಿ ಎಂದು. ಆಕ್ಷೇಪ ಸರಿಯಾದುದೇ. ಬ್ಯಾಕ್ಟೀರಿಯಾಗಳನ್ನು ನಮ್ಮ ಶಾಸ್ತ್ರದ ಯಾವ ವರ್ಗದಲ್ಲಿಡಬೇಕೆಂಬುದನ್ನು ನಾನು ನಿರ್ಣಯಿಸಲಾರೆ. ನಿಗೋದವೇ ಬ್ಯಾಕ್ಟೀರಿಯಾ ಎಂದು ಸ್ಮರಣಸಂಚಿಕೆಗಳಲ್ಲಿ ಧೈರ್ಯವಾಗಿ ಬರೆಯುವವರ ಸಾಲಿಗೆ ನಾನು ಸೇರಿದವನಲ್ಲ. ಆದರೆ ಆ ತೊಟ್ಟಿಯಲ್ಲಿ ಹುಳುಗಳಿವೆ, ಅವು ದ್ವೀಂದ್ರಿಯಗಳೆಂದು ನಮ್ಮ ಮಕ್ಕಳ ಪಾಠಶಾಲೆಯಲ್ಲಿಯೇ ಕಲಿಸುತ್ತೇವೆ. ಕಲ್ಲುಹಾಸಿನ ಶೋಧಕಗಳ ನೊಣವು ಚತುರಿಂದ್ರಿಯ. ತೊಟ್ಟಿಗಿಳಿದು ಮೂರ್ಛೆ ಹೋದವನು ಪಂಚೇಂದ್ರಿಯ, ಸಂಜ್ಞಿ, ಮನುಷ್ಯ. ಮೊದಲ ಮೆಟ್ಟಿಲಿನ ಜೀವಿಯನ್ನು ಕಡೆಗಣಿಸಿದ ಪ್ರಮಾದವೇ ಮೆಟ್ಟಿಲೇರಿ ಮನುಷ್ಯನವರೆಗೆ ಬಂತು. ಇನ್ನು ಸ್ಥಾವರಜೀವಿಗಳ ವಿಷಯದಲ್ಲಿಯೂ ನಿಷ್ಪ್ರಯೋಜಕವಾದ ಘಾತವನ್ನು ಅನರ್ಥದಂಡವೆಂದು ತ್ಯಜಿಸತಕ್ಕದ್ದೆಂಬುದು ಶ್ರಾವಕಾಚಾರದ ವಿಧಿಯೇ. ಅಗತ್ಯಕ್ಕೆ ಮೀರಿ ಸುರಿದ ಬ್ಲೀಚಿಂಗ್ ಪೌಡರಿನಿಂದ ಯಾರಿಗೆ ಏನು ಪ್ರಯೋಜನವಾಯಿತು?

ಗುಂಡಿಯ ಪಕ್ಷಪಾತಿಗಳಾದ ಹಿರಿಯರಿಗೆ ನನ್ನದೊಂದು ವಿನಂತಿ. ಗುಂಡಿಯಲ್ಲಿ ಜೀವಿಗಳಿಲ್ಲವೆಂದು ಯಾರು ಹೇಳಿದರು? ಅಲ್ಲಿಯೂ ಅಷ್ಟೇ ಇವೆ, ಗಾಳಿಯಿಲ್ಲದೆ ಬದುಕುವ ಬೇರೆ ಜಾತಿಯವು. ವ್ಯತ್ಯಾಸವಿಷ್ಟೇ: ಶೋಧಕದ ಮುಚ್ಚಳ ತೆಗೆದರೆ ಕಾಣುತ್ತವೆ, ಗುಂಡಿಯವು ಕಾಣುವುದಿಲ್ಲ. ಗುಂಡಿಯ ಸೋರಿಕೆ ನಮ್ಮದೇ ಬಾವಿಗೆ ಇಳಿದು, ಅದೇ ಬಾವಿಯ ನೀರನ್ನು ನಾವು ಎರಡು ಮಡಿಕೆಯ ಅರಿವೆಯಲ್ಲಿ ಸೋಸಿ ಅಭಿಷೇಕಕ್ಕೆ ಒಯ್ಯುತ್ತೇವೆ. ಗುಂಡಿ ಒಂದಲ್ಲ ಒಂದು ದಿನ ತುಂಬುತ್ತದೆ, ಆಗ ಮತ್ತೊಬ್ಬ ಬಡವನು ಇಳಿಯಬೇಕಾಗುತ್ತದೆ. 2013ರ ಕಾಯಿದೆಯು ಮಲಗುಂಡಿ ಮತ್ತು ಒಳಚರಂಡಿಗಳ ಅಪಾಯಕಾರಿ ಶುಚಿಕಾರ್ಯಕ್ಕೆ ಮನುಷ್ಯರನ್ನು ನೇಮಿಸುವುದನ್ನು ನಿಷೇಧಿಸಿದೆ. 2014ರ ಮಾರ್ಚ್ 27ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವುಗಳು ನಿಲ್ಲದುದರಿಂದಲೇ ಮೊತ್ತ ಏರಿತು. ಪ್ರತಿಷ್ಠಾಪನ ಸಮಿತಿಯೆಂದು ಮುನಿಗಳಿಗೆ ಒಂದು ಸಮಿತಿಯೇ ಇದೆ. ಮಲಮೂತ್ರಗಳನ್ನು ವಿಸರ್ಜಿಸುವ ಸ್ಥಳವನ್ನು ಕಣ್ಣಿಂದ ನೋಡಿ, ಜೀವಿಗಳಿಲ್ಲವೆಂದು ನಿಶ್ಚಯಿಸಿಕೊಂಡು, ಬಳಿಕ ವಿಸರ್ಜಿಸಬೇಕು. ಅವರು ಒಬ್ಬೊಬ್ಬರಾಗಿ ನೋಡುವರು. 150 ಜನರ ವಿಸರ್ಜನೆಯನ್ನು ಒಂದೆಡೆ ಕೂಡಿಸಿದ ನಾವು ಒಬ್ಬರೂ ನೋಡುವುದಿಲ್ಲ.

ಗುತ್ತಿಗೆದಾರನಿದ್ದಾನೆ ಎಂಬ ವಾದಕ್ಕೆ ಹೆಚ್ಚು ಮಾತು ವ್ಯಯಿಸಬೇಕಾಗಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಒಪ್ಪಿದ ಧರ್ಮ ನಮ್ಮದು. ವಾರ್ಷಿಕ ನಿರ್ವಹಣೆಯ ಕರಾರುಪತ್ರದಿಂದ ಕಾರಿತದ ಪಾಪ ವರ್ಗಾವಣೆಯಾಗುವುದಾದರೆ ಕಸಾಯಿಖಾನೆಗೂ ಕರಾರು ಬರೆದುಕೊಡಬಹುದು.

ಹಾಗಾದರೆ ನೋಡುವುದು ಹೇಗೆ? ಎಂಜಿನಿಯರರ ಭಾಷೆಗೆ ಹೆದರಬೇಕಾಗಿಲ್ಲ. ಕಳೆದ ಆರು ತಿಂಗಳಲ್ಲಿ ನಾನು ಕಲಿತದ್ದನ್ನು ಬರೆಯುತ್ತೇನೆ, ದವಸದ ವ್ಯಾಪಾರಿಗೆ ಅರ್ಥವಾದದ್ದು ಎಲ್ಲರಿಗೂ ಅರ್ಥವಾದೀತು. ಚೀಲ ಬಿಚ್ಚದೆಯೇ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಒಳಗಿನ ಸ್ಥಿತಿ ಹೇಳುವುದಿಲ್ಲವೇ, ಹಾಗೆಯೇ ಇದು. ಮೊದಲನೆಯದು ಮೂಗು ಮತ್ತು ಕಣ್ಣು. ಆರೋಗ್ಯವಂತ ಪದರ ತೆಳ್ಳಗೆ ಕಂದುಬಣ್ಣವಾಗಿದ್ದು ಮಣ್ಣಿನ ವಾಸನೆ ಬೀರುತ್ತದೆ. ಕಪ್ಪಾಗಿ ನಾರಿದರೆ ಉಸಿರುಕಟ್ಟಿದೆಯೆಂದು ಅರ್ಥ. ಬಿಳಿಯ ಎಳೆಎಳೆ ಬೆಳೆದರೆ ಗಂಧಕವನ್ನು ಉಣ್ಣುವ ಜೀವಿಗಳು ಸೇರಿಕೊಂಡಿವೆ, ಆಮ್ಲಜನಕ ಸಾಲುತ್ತಿಲ್ಲ. ಎರಡನೆಯದು ನೀರಿನಲ್ಲಿ ಕರಗಿರುವ ಆಮ್ಲಜನಕ. ಕೈಯಲ್ಲಿ ಹಿಡಿಯುವ ಮಾಪಕ ಸಾಕು. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿಯಗೊಡಬಾರದು. ಲೋಳೆಪದರ ದಪ್ಪವಾದಷ್ಟೂ ಆಮ್ಲಜನಕ ಒಳಗಿನವರೆಗೆ ಇಳಿಯುವುದಿಲ್ಲವಾದುದರಿಂದ ಇನ್ನೂ ಹೆಚ್ಚಿದ್ದರೆ ಮೇಲು.

ಮೂರನೆಯದು ಅಮೋನಿಯಾ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಅಮೋನಿಯಾ ಉಣ್ಣುವ ಜೀವಿಗಳು ಎಲ್ಲಕ್ಕಿಂತ ಸೂಕ್ಷ್ಮ ಪ್ರಕೃತಿಯವು. ಗಾಳಿ ಕಡಿಮೆಯಾದರೆ, ವಿಷ ಬಿದ್ದರೆ, ಹುಳಿ ಹೆಚ್ಚಿದರೆ ಮೊದಲು ಕುಗ್ಗುವವು ಅವೇ. ಬಣ್ಣ ತಿರುಗುವ ದ್ರಾವಣದ ಸಣ್ಣ ಪೆಟ್ಟಿಗೆ ಸಿಗುತ್ತದೆ. ಒಳಬರುವ ನೀರಿನಲ್ಲಿ ಮತ್ತು ಹೊರಹೋಗುವ ನೀರಿನಲ್ಲಿ ಅಮೋನಿಯಾ ಎಷ್ಟೆಷ್ಟೆಂದು ಎರಡು ಅಂಕಿಗಳನ್ನು ಬರೆದಿಟ್ಟರೆ ಅಂತರವೇ ಆ ಜೀವಿಗಳ ದಿನದ ದುಡಿಮೆ. ಅಂತರ ಕುಗ್ಗತೊಡಗಿದ ದಿನವೇ ಎಚ್ಚೆತ್ತುಕೊಳ್ಳಬೇಕು. ಸರಕಾರಿ ಮಂಡಲಿಯವರು ಕೇಳುವ ಬಿ.ಓ.ಡಿ. ಪರೀಕ್ಷೆಯೂ ಅವಶ್ಯವೇ, ಆದರೆ ನಮ್ಮ ದೇಶದ ಕ್ರಮದಲ್ಲಿ ನೀರನ್ನು 27 ಡಿಗ್ರಿ ಶಾಖದಲ್ಲಿ 3 ದಿನ ಇಟ್ಟು ನೋಡುವುದರಿಂದ ಉತ್ತರ ಬರುವಷ್ಟರಲ್ಲಿ ಉತ್ಸವವೇ ಮುಗಿದಿರುತ್ತದೆ. ಜೀವಂತ ಕೋಶಗಳಲ್ಲಿರುವ ಎ.ಟಿ.ಪಿ. ಎಂಬ ವಸ್ತುವನ್ನು ಬೆಳಕಾಗಿ ಪರಿವರ್ತಿಸಿ ಕೆಲವೇ ನಿಮಿಷಗಳಲ್ಲಿ ಜೀವರಾಶಿಯನ್ನು ಅಳೆಯುವ ಯಂತ್ರಗಳೂ ಬಂದಿವೆ. ಆ ಬೆಳಕಿಗೆ ಬೇಕಾದ ಕಿಣ್ವ ಮೂಲತಃ ಮಿಂಚುಹುಳುವಿನದು, ಹಿಂದೆ ಹುಳುಗಳನ್ನೇ ಹಿಡಿದು ತೆಗೆಯುತ್ತಿದ್ದರು. ಈಗ ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸುವುದುಂಟು. ಕೊಳ್ಳುವವರು ಅದರ ಮೂಲವನ್ನು ವಿಚಾರಿಸಿ ಕೊಳ್ಳತಕ್ಕದ್ದು. ನಮ್ಮಂಥ ಸಣ್ಣ ಘಟಕಕ್ಕೆ ಆ ಯಂತ್ರ ಬೇಕಾಗಿಯೂ ಇಲ್ಲ.

ನಾಲ್ಕನೆಯದು ಸೂಕ್ಷ್ಮದರ್ಶಕ. ನಮ್ಮವರು ಅತಿಯಾಗಿ ಅಳುಕುವುದು ಇದಕ್ಕೆ. 1970ರಲ್ಲಿ ಇಂಗ್ಲೆಂಡಿನ ಕರ್ಡ್ಸ್ ಮತ್ತು ಕಾಕ್‌ಬರ್ನ್ ಎಂಬುವರು ಗಾಳಿಯೂಡಿದ ಕೆಸರಿನಲ್ಲಿ ಯಾವ ಯಾವ ಪ್ರೋಟೋಜೋವಾ ಇದೆಯೆಂಬುದನ್ನು ನೋಡಿ ಹೊರಬರುವ ನೀರಿನ ಗುಣವನ್ನು ಊಹಿಸುವ ಕ್ರಮವೊಂದನ್ನು ರೂಪಿಸಿದರು. ಗಂಟೆಯಂಥ ತಲೆ, ಸುರುಳಿಯಾಗಿ ಮುದುಡುವ ದಂಟು ಉಳ್ಳ ವೋರ್ಟಿಸೆಲ್ಲಾಗಳು ತುಂಬಿದ್ದರೆ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಬಾಲದಂಥ ಎಳೆಯಿಂದ ಈಜುವ ಸಣ್ಣವೇ ಹೆಚ್ಚಿದ್ದರೆ ಹೊರೆ ಮೀರಿದೆ, ಇಲ್ಲವೇ ಶೋಧಕ ಇನ್ನೂ ಎಳೆಯದು. ರೋಟಿಫರ್‌ಗಳು ಸುಖವಾಗಿದ್ದರೆ ಗಾಳಿ ಸಾಕಷ್ಟಿದೆ. ಏನೂ ಚಲಿಸದಿದ್ದರೆ ವಿಷ ಬಿದ್ದಿದೆ.

"ಗಾಜಿನ ಮೇಲಿಟ್ಟ ಹನಿಯ ಜೀವಿಗಳು ಸಾಯುವುದಿಲ್ಲವೇ?" ಎಂದು ನನ್ನ ಶ್ರೀಮತಿಯವರೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಮನೆಯ ಅಡುಗೆಮನೆಯಲ್ಲಿಯೇ ಇತ್ತು. ನೀರು ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಜೀವಾಣಿಯನ್ನು ಏನು ಮಾಡುತ್ತೇವೆ? ಸೋಸಿದ ನೀರಿನಿಂದಲೇ ಅರಿವೆಯನ್ನು ಮೆಲ್ಲಗೆ ತೊಳೆದು, ಯಾವ ಬಾವಿಯಿಂದ ತಂದೆವೋ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತೇವೆ. ಬೇರೆ ನೀರಿಗೆ ಹಾಕುವುದಿಲ್ಲ, ಏಕೆಂದರೆ ಅಲ್ಲಿ ಅವು ಬದುಕಲಾರವು. ಇದನ್ನೇ ಶೋಧಕಕ್ಕೂ ಮಾಡಬಹುದು. ಈ ಪರೀಕ್ಷೆಗೆ ಬಣ್ಣ ಹಾಕಬೇಕಾಗಿಲ್ಲ, ಬಿಸಿ ಮಾಡಬೇಕಾಗಿಲ್ಲ. ಬರಿಯ ಹಸಿ ಹನಿ ಸಾಕು. ಐದು ನಿಮಿಷದೊಳಗೆ ನೋಡಿ, ಅದೇ ತೊಟ್ಟಿಯ ನೀರಿನಿಂದ ಗಾಜನ್ನು ತೊಳೆದು, ತೊಳೆದ ನೀರನ್ನು ಅದೇ ತೊಟ್ಟಿಗೆ ಬಿಡುವುದು. ವಾರಕ್ಕೊಮ್ಮೆ ಒಂದು ಹನಿ. ಒಂದು ಜೀವಿಯೂ ಸಾಯುವುದಿಲ್ಲವೆಂದು ನಾನು ಪ್ರಮಾಣ ಮಾಡಲಾರೆ. ನೋಡದೆ ಬಿಟ್ಟ ತಪ್ಪಿಗೆ ಒಂದು ತೊಟ್ಟಿಯೇ ಕೊಳೆತದ್ದನ್ನು ಕಂಡವನು ಈ ಹನಿಯ ಲೆಕ್ಕವನ್ನು ಅಳುಕಿಲ್ಲದೆ ಒಪ್ಪಿಸಬಲ್ಲೆ.

ಒಂದು ಕಠೋರ ಮಾತು ಹೇಳಲೇಬೇಕಾಗಿದೆ, ವಾಚಕರು ಕ್ಷಮಿಸಬೇಕು. ನಮ್ಮ ಯಾವ ಸಮಾರಂಭದ ಭಾಷಣವನ್ನು ಕೇಳಿದರೂ, ಹಾಲೆಂಡಿನ ಲೇವನ್‌ಹುಕ್ 1670ರ ದಶಕದಲ್ಲಿ ಮಸೂರದಿಂದ ಕಂಡ ಸೂಕ್ಷ್ಮಜೀವಿಗಳನ್ನು ನಮ್ಮ ಕೇವಲಿಗಳು ಸಾವಿರಾರು ವರ್ಷ ಮೊದಲೇ ಕಂಡಿದ್ದರು ಎಂಬ ಘೋಷಣೆ ತಪ್ಪುವುದಿಲ್ಲ. ಚಪ್ಪಾಳೆಯೂ ತಪ್ಪುವುದಿಲ್ಲ. ಚಪ್ಪಾಳೆ ತಟ್ಟಿದ ಸಭಾಭವನದ ಹಿಂದೆಯೇ ಬ್ಲೋಯರ್ ನಿಂತಿರುತ್ತದೆ. ಕೇವಲಿಗಳು ಕಂಡದ್ದು ನಮ್ಮ ಆಸ್ತಿಯಲ್ಲ. ಲೇವನ್‌ಹುಕ್ ಬಟ್ಟೆಯ ವ್ಯಾಪಾರಿ, ನಮ್ಮಂತೆಯೇ ಅಂಗಡಿಯಲ್ಲಿ ಕೂತವನು. ಅವನು ಕೆರೆಯ ನೀರನ್ನು ಮನೆಗೆ ತಂದು ನೋಡಿದ. ನಾವು ಮನೆಯ ಹಿತ್ತಲಿಗೆ ಹೋಗಲಿಲ್ಲ.

ಟ್ರಸ್ಟುಗಳ ಆಡಳಿತವರ್ಗದವರಲ್ಲಿ ನನ್ನ ನಿವೇದನೆ ಖರ್ಚಿನದಲ್ಲ. ನಮ್ಮ ಹುಂಡಿಯ ಪ್ರತಿಯೊಂದು ರೂಪಾಯಿ ಅಂದಂದೇ ಕಿರ್ದಿಗೆ ಏರುತ್ತದೆ, ತಿಂಗಳಿಗೊಮ್ಮೆ ತಾಳೆಯಾಗುತ್ತದೆ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರು ಬರುತ್ತಾರೆ. ಶೋಧಕಕ್ಕೂ ಅಂಥದೊಂದು ಕಿರ್ದಿ ಇರಲಿ. ದಿನದ ಜನಸಂಖ್ಯೆ, ಬಂದ ನೀರು, ಕರಗಿದ ಆಮ್ಲಜನಕ, ಒಳಗಿನ ಹೊರಗಿನ ಅಮೋನಿಯಾ, ಪದರದ ಬಣ್ಣ ವಾಸನೆ, ವಾರಕ್ಕೊಮ್ಮೆ ಸೂಕ್ಷ್ಮದರ್ಶಕದ ಟಿಪ್ಪಣಿ. ಉತ್ಸವದ ಆಹ್ವಾನಪತ್ರಿಕೆ ಅಚ್ಚಾಗುವ ಮುನ್ನ ಈ ಕಿರ್ದಿಯನ್ನು ತೆರೆದು ನೋಡಬೇಕು. 700 ಜನರನ್ನು ಕರೆಯುವುದಾದರೆ ಹೆಚ್ಚುವರಿ ನೀರನ್ನು ತಡೆದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡಲು ತೊಟ್ಟಿ ಬೇಕು, ಇಲ್ಲವೇ ತಾತ್ಕಾಲಿಕ ಶೌಚಾಲಯಗಳ ವ್ಯವಸ್ಥೆ ಬೇರೆಯೇ ಆಗಬೇಕು. ಯಾತ್ರಿಕರಿಲ್ಲದ ದಿನಗಳಲ್ಲಿ ಇದ್ದ ನೀರನ್ನೇ ಪುನಃ ಪುನಃ ಹಾಯಿಸುತ್ತಾ, ಬೇಕಾದರೆ ಸ್ವಲ್ಪ ಬೆಲ್ಲ ಕದಡಿ ಕೊಟ್ಟು ಪದರವನ್ನು ಉಳಿಸಿಕೊಳ್ಳುವ ಪದ್ಧತಿ ಅನೇಕ ಕಡೆ ಇದೆ. ಶೌಚಾಲಯಕ್ಕೆ ಆ್ಯಸಿಡ್ ಬೇಡ, ಬ್ಲೀಚಿಂಗ್ ಪೌಡರಿಗೆ ಅಳತೆಯಿರಲಿ. ಕೊಳವೆ ಕಟ್ಟಿದರೆ ಯಂತ್ರವೇ ಇಳಿಯಬೇಕು, ಮನುಷ್ಯನಲ್ಲ. ಇದನ್ನು ಕರಾರುಪತ್ರದಲ್ಲಿ ಮೊದಲ ಷರತ್ತಾಗಿ ಬರೆಯಿಸತಕ್ಕದ್ದು.

ನಮ್ಮ ಘಟಕದ ಬ್ಲೋಯರ್ ಈಗ ರಾತ್ರಿಯೂ ಓಡುತ್ತಿದೆ. ಆ ಟಿಪ್ಪಣಿಯನ್ನು ನಾನೇ ರದ್ದುಗೊಳಿಸಿದೆ. ಮೂರೂವರೆ ಸಾವಿರದ ಬಾಬನ್ನು ಸದ್ಯಕ್ಕೆ ನನ್ನ ಸ್ವಂತ ಖಾತೆಯಿಂದ ತುಂಬುತ್ತಿದ್ದೇನೆ, ಮಂಡಳಿ ಒಪ್ಪುವವರೆಗೆ. ಕಿರ್ದಿ ಬರೆಯುತ್ತಿರುವವನು ಹಿಂದೆ ನಾನು ಮಾತು ಕೇಳಿಸಿಕೊಳ್ಳದ ಅದೇ ಹುಡುಗ. ಕಳೆದ ಅಷ್ಟಮಿಯ ದಿನ ಹೋದಾಗ, "ಬರ್ರಿ ಯಜಮಾನ್ರ, ಗಂಟಿ ಹುಳ ಬಂದಾವು ನೋಡ್ರಿ" ಎಂದು ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು ನನಗೆ ಜಾಗ ಬಿಟ್ಟ. ನಾನು ಕನ್ನಡಕ ತೆಗೆದು ಕಣ್ಣಿಟ್ಟೆ. ದಂಟು ಸುರುಳಿಗೊಂಡು ಮತ್ತೆ ಬಿಚ್ಚಿಕೊಳ್ಳುತ್ತಿದ್ದವು ಏಳೆಂಟು. ಅವನು ಗಾಜನ್ನು ತೊಟ್ಟಿಯ ನೀರಿನಲ್ಲಿ ತೊಳೆದು, ಕಿರ್ದಿಯಲ್ಲಿ ತಾರೀಖು ಹಾಕಿದ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮೊದಲ ಬಾಬಾಗಿ ತೆಗೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.